ಈರವ್ವನ ಸಿಟ್ಟು

“ಹೆಸರೇನಮ್ಮಾ?”

“ಮೇರಿ.”

ದಾನಿಯೇಲಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎದುರಿಗೆ ಕೈಕಟ್ಟಿ ನಿಂತಿದ್ದ ಹುಡುಗಿಯನ್ನು ನೋಡಿದರು. ಬಾಗಿಲ ಮರೆಯಲ್ಲಿದ್ದ ಸಲೋಮಿ ಉಸಿರು ಬಿಗಿಹಿಡಿದಳು.

ಆ ಹುಡುಗಿಯ ಹೆಸರು ಮೇರಿಯಲ್ಲ, ನಿಂಗವ್ವ. ಮೇರಿ ಎಂದು ಹೇಳಲು ಕಲಿಸಿಕೊಟ್ಟವಳು ಅವಳ ಗೆಳತಿ ಸಲೋಮಿ.

ಅಂದು ಭಾನುವಾರ. ಯಲಹಂಕದ ಆ ಪುಟ್ಟ ಚರ್ಚಿನಲ್ಲಿ ಆರಾಧನೆ ಮುಗಿದು ಜನರೆಲ್ಲ ಮನೆಗೆ ಹೋಗಿದ್ದರು. ಚರ್ಚಿನ ಪಕ್ಕದ ಕೋಣೆಯಲ್ಲಿ ದಾನಿಯೇಲಪ್ಪನವರು ಒಬ್ಬರೇ ಕುಳಿತಿದ್ದರು. ಅವರು ಸಭೆಯ, ಅಂದರೆ ಆ ಚರ್ಚಿಗೆ ಸೇರಿದವರ, ಹಿರಿಯರು. ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಚರ್ಚಿನ ಸೀಲು. ಅದರ ಬೀಗದ ಕೈ ದಾನಿಯೇಲಪ್ಪನವರ ಉಡಿದಾರದಲ್ಲಿ.

ಆ ಸೀಲಿಗಾಗಿಯೇ ಇಷ್ಟೆಲ್ಲ ನಡೆದಿತ್ತು.

ನಿಂಗವ್ವನ ಮನೆಯವರು ಎಂಟು ತಿಂಗಳ ಹಿಂದೆ ರಾಯಚೂರು ಕಡೆಯಿಂದ ಬಂದವರು. ಚರ್ಚಿನ ಹಿಂದುಗಡೆ ಗೋಡೆಗೆ ತಾಗಿದಂತೆ ಗುಡಿಸಲು ಕಟ್ಟಿಕೊಂಡಿದ್ದರು. ಅಪ್ಪ ಪಂಚಪ್ಪ, ಅವ್ವ ಈರವ್ವ, ಇಬ್ಬರೂ ಬೆಳಗಾದರೆ ಲಾರಿ ಹತ್ತಿ ಚಿಕ್ಕಜಾಲದ ಕಲ್ಲು ಕ್ವಾರಿಗೆ ಹೋಗುತ್ತಿದ್ದರು. ನಿಂಗವ್ವ ಊರಿನಲ್ಲಿ ನಾಲ್ಕನೇ ಕ್ಲಾಸು ಓದಿದ್ದಳು. ಸಲೋಮಿಯ ಜೊತೆ ಐದನೇ ಕ್ಲಾಸಿಗೆ ಸೇರಬೇಕೆಂದು ಆಸೆಪಟ್ಟಿದ್ದಳು. ಆದರೆ ಊರಿನ ಶಾಲೆಯಿಂದ ಟಿ.ಸಿ. ತಂದಿರಲಿಲ್ಲ. ಮೂರು ಸಲ ಕಾಗದ ಹಾಕಿದರೂ ಉತ್ತರ ಬಂದಿರಲಿಲ್ಲ.

ಹೆಡ್‌ಮಾಸ್ಟರ್ ನರಸಿಂಹಯ್ಯನವರು ಹೇಳಿದ್ದರು: “ಟಿ.ಸಿ. ಇಲ್ಲದಿದ್ರೆ ಈ ಊರಿನ ದೊಡ್ಡೋರು ಯಾರಾದ್ರೂ, ಇವರು ನಮಗೆ ಗೊತ್ತು, ಇಲ್ಲೇ ಇದ್ದಾರೆ ಅಂತ ಬರೆದು ಸೀಲು ಹಾಕಿಕೊಡ್ಲಿ. ಜೂನ್ ಮೂವತ್ತರ ಒಳಗೆ ತನ್ನಿ. ಆಮೇಲೆ ಬಂದ್ರೆ ನಾನೇನೂ ಮಾಡೋಕಾಗಲ್ಲ.”

ಜೂನ್ ಮೂವತ್ತು ಬರುವ ಶುಕ್ರವಾರ. ಅಷ್ಟರಲ್ಲಿ ಶಾಲೆಗೆ ಸೇರದಿದ್ದರೆ ನಿಂಗವ್ವನೂ ಕ್ವಾರಿಗೆ ಹೋಗಬೇಕು. ಜಲ್ಲಿ ಹೊರಲು ಹುಡುಗಿಯರು ಬೇಕೆಂದು ಮೇಸ್ತ್ರಿ ಆಗಲೇ ಕೇಳಿದ್ದ.

ದಾನಿಯೇಲಪ್ಪನವರು ಸಭೆಯವರಿಗೆ ಮಾತ್ರ ಪತ್ರ ಕೊಡುತ್ತಾರೆ ಎಂಬುದು ಸಲೋಮಿಗೆ ಗೊತ್ತಿತ್ತು. ಬೇರೆ ಊರಿನಿಂದ ಬಂದ ಕ್ರೈಸ್ತರು ಕೇಳಿದರೆ ಮೊದಲು ಪರೀಕ್ಷೆ ಮಾಡುತ್ತಿದ್ದರು. ಕರ್ತನ ಪ್ರಾರ್ಥನೆ ಹೇಳಬೇಕು, ಹತ್ತು ಆಜ್ಞೆ ಹೇಳಬೇಕು. ರೈಲ್ವೆಯ ಒಂದು ಕುಟುಂಬ ಹೀಗೆ ಹೇಳಿ ಪತ್ರ ಪಡೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅಷ್ಟೇ ತಾನೇ! ಸಲೋಮಿ ಹತ್ತು ದಿನ ಗೋಡೆಯ ನೆರಳಿನಲ್ಲಿ ಕುಳಿತು ನಿಂಗವ್ವನಿಗೆ ಎಲ್ಲವನ್ನೂ ಬಾಯಿಪಾಠ ಮಾಡಿಸಿದಳು.

“ನಿಮ್ಮ ದೇವರಿಗೆ ದಿನಾ ರೊಟ್ಟಿ ಕೊಡು ಅಂತ ಕೇಳ್ತೀರೇನು?” ಎಂದು ನಿಂಗವ್ವ ಪ್ರಾರ್ಥನೆಯ ನಡುವೆ ಕೇಳಿದ್ದಳು.

“ಹೂಂ.”

“ಜ್ವಾಳದ್ದೋ, ಗೋಧೀದೋ?”

“ಮಧ್ಯ ಮಧ್ಯ ಮಾತಾಡ್ಬೇಡ ಕಣೇ! ಮೊದಲಿಂದ ಹೇಳು.”

ಇಂದು ಬೆಳಿಗ್ಗೆ ಸಲೋಮಿ ಅವಳ ಹಣೆಯ ವಿಭೂತಿಯನ್ನು ಒರೆಸಿದಳು. ತನ್ನ ಹಳೆಯ ಬಿಳಿ ಫ್ರಾಕು ತೊಡಿಸಿದಳು. ಬಲಗೈಯಲ್ಲಿ ಒಂದು ಕಪ್ಪು ದಾರವಿತ್ತು. “ಇದನ್ನ ನೋಡಿದ್ರೆ ದಾನಿಯೇಲಪ್ಪ ತಾತಂಗೆ ಗೊತ್ತಾಗಿಬಿಡುತ್ತೆ,” ಎಂದು ಅದನ್ನು ಬಿಚ್ಚಲು ನೋಡಿದಳು. ಗಂಟು ಬಿಚ್ಚಲಿಲ್ಲ. ಅಜ್ಜಿಯ ಕತ್ತರಿ ತಂದಳು. ನಿಂಗವ್ವ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಸ್ಕೂಲು ಬೇಕೋ ಬೇಡ್ವೋ?”

ನಿಂಗವ್ವ ಕೈ ಚಾಚಿ ಕಣ್ಣು ಮುಚ್ಚಿಕೊಂಡಳು. ಕಚ್ಚೆಂದು ಕತ್ತರಿ ಸದ್ದಾಯಿತು.

ಈಗ ಕೋಣೆಯೊಳಗೆ ನಿಂಗವ್ವ ಕರ್ತನ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ದಾನಿಯೇಲಪ್ಪನವರು ತಲೆಯಾಡಿಸಿದರು. ಹತ್ತು ಆಜ್ಞೆಗಳನ್ನು ಹೇಳುವಾಗ ಒಂಬತ್ತನೆಯದರ ಹತ್ತಿರ ತುಸು ತಡವರಿಸಿದಳು. ಸುಳ್ಳು ಹೇಳಬಾರದು ಎನ್ನುವ ಆಜ್ಞೆ ಅದು. ಹೇಗೋ ದಾಟಿಕೊಂಡಳು.

“ಭೇಷ್! ನಮ್ಮ ಮಕ್ಕಳಿಗೇ ಇಷ್ಟು ಚೆನ್ನಾಗಿ ಬರಲ್ಲ,” ಎಂದರು ದಾನಿಯೇಲಪ್ಪನವರು. ಉಡಿದಾರದ ಬೀಗದ ಕೈಗೆ ಕೈ ಹೋಯಿತು. ಸಲೋಮಿ ಕುಣಿಯುವುದೊಂದು ಬಾಕಿ.

“ಅಪ್ಪನ ಹೆಸರು?”

“ಪಂಚಪ್ಪ.”

ಬೀಗದ ಕೈ ಅಲ್ಲೇ ನಿಂತಿತು. “ಪಂಚಪ್ಪನ ಮಗಳು ಮೇರಿ?”

ಅಪ್ಪನಿಗೆ ಹೆಸರಿಡಲು ಸಲೋಮಿ ಮರೆತಿದ್ದಳು!

ಆ ಹೊತ್ತಿಗೆ ಹಿಂದಿನಿಂದ ಯಾರೋ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು. ಈರವ್ವ! ಮಗಳನ್ನು ಹುಡುಕಿಕೊಂಡು ಬಂದಿದ್ದಳು. ಬಿಳಿ ಫ್ರಾಕು ನೋಡಿದಳು. ಬೋಳು ಹಣೆ ನೋಡಿದಳು. ಆಮೇಲೆ ಮಗಳ ಬಲಗೈ ಹಿಡಿದು ಮೇಲೆತ್ತಿದಳು.

“ದಾರ ಎಲ್ಲೈತಿ?”

ನಿಂಗವ್ವನ ಕಣ್ಣು ಬಾಗಿಲ ಕಡೆ ಹೋಯಿತು.

“ಯಾರು ಬಿಚ್ಚಿದವ್ರು?”

ಸಲೋಮಿ ಫ್ರಾಕಿನ ಜೇಬಿನಿಂದ ದಾರವನ್ನು ತೆಗೆದು ಚಾಚಿದಳು. ಅದರ ಗಂಟು ಹಾಗೆಯೇ ಇತ್ತು. ತುಂಡಾಗಿದ್ದು ಬೇರೆ ಕಡೆ.

“ಕತ್ತರಿಸೀ ಏನು?” ಈರವ್ವ ದಾರವನ್ನು ಕಸಿದುಕೊಂಡಳು. “ನಮ್ಮವ್ವ ಕಟ್ಟಿದ ದಾರ ಇದು. ರಾಯಚೂರು ಸ್ಟೇಷನ್ನಿನಾಗ ನಿಂತು, ಗಾಡಿ ಬಿಡೂ ಹೊತ್ತಿನಾಗ ಕಟ್ಟ್ಯಾಳ. ಇನ್ನ ಆಕಿ ಮಾರಿ ಮತ್ತ ನೋಡ್ತೀವೋ ಇಲ್ಲೋ ಗೊತ್ತಿಲ್ಲ ನಮಗ.”

“ನಾನೇನಮ್ಮಾ ಮಾಡ್ದೆ? ನನಗೆ ಇದೆಲ್ಲ ಗೊತ್ತೇ ಇಲ್ಲ,” ಎಂದು ದಾನಿಯೇಲಪ್ಪನವರು ಗಾಬರಿಯಿಂದ ಎದ್ದರು.

“ನಾವು ಕಲ್ಲು ಒಡಿಯೂ ಮಂದಿ ಖರೇ. ಆದ್ರ ಹೆಸರು ಮಾರಿಕೊಂಡು ಉಣ್ಣೂ ಮಂದಿ ಅಲ್ಲರೀ. ನಿಮ್ಮ ಚೀಟಿ ನಮಗ ಬ್ಯಾಡ!”

ಅವಳು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ನಿಂಗವ್ವ ಒಮ್ಮೆ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಏನೇ, ಚರ್ಚಿನೊಳಗೇ ನಾಟಕ ಆಡಿಸ್ತೀಯಾ?” ಎಂದು ದಾನಿಯೇಲಪ್ಪನವರು ಸಲೋಮಿಯನ್ನು ಗದರಿದರು. “ನಿಮ್ಮ ತಾತ ಎಂಥ ಮನುಷ್ಯ! ಅವರ ಮೊಮ್ಮಗಳಾ ನೀನು?”

ಸಲೋಮಿ ಓಡಿಹೋದಳು.

ಮನೆಯಲ್ಲಿ ಅಜ್ಜಿ ಮರಿಯಮ್ಮ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಈಸ್ಟರ್ ಆದ ಮರುವಾರ ತಾತ ತೀರಿಕೊಂಡಿದ್ದರು. ಅಂದಿನಿಂದ ಅಜ್ಜಿ ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬರುವಳು. ಯಾರ ಜೊತೆಗೂ ಹೆಚ್ಚು ಮಾತಿಲ್ಲ.

ಸಲೋಮಿ ಚಪ್ಪಲಿಯನ್ನು ಗೋಡೆಗೆ ಒದ್ದಳು. ಒಂದು ಅತ್ತ, ಒಂದು ಇತ್ತ.

“ನಾನು ಅವಳಿಗೋಸ್ಕರ ತಾನೇ ಮಾಡಿದ್ದು? ನನಗೇನು ಬೇಕಾಗಿತ್ತು? ಎಲ್ಲಾರೂ ನನ್ನೇ ಬೈತಾರೆ!” ಎಂದು ನಡೆದದ್ದನ್ನೆಲ್ಲ ಒದರಿದಳು. “ಒಂದು ದಾರ ಕತ್ತರಿಸಿದ್ದಕ್ಕೆ ಆ ಈರವ್ವತ್ತೆ ಹೇಗೆ ಕೂಗಿದ್ರು ಗೊತ್ತಾ? ಬರೀ ಒಂದು ದಾರ!”

“ನನ್ನ ಕತ್ತರೀಲಾ ಕತ್ತರಿಸಿದ್ದು?” ಎಂದಳು ಅಜ್ಜಿ.

“ಹೂಂ.”

ಅಜ್ಜಿ ಮೊರವನ್ನು ಕೆಳಗಿಟ್ಟಳು. ಗೋಡೆಯ ಗೂಟದಲ್ಲಿ ತಾತನ ಕಪ್ಪು ಕೋಟು ನೇತಾಡುತ್ತಿತ್ತು. ತಾತ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

“ಆ ಕೋಟು ತಗೊಂಡು ಒಲೆ ಒರೆಸು, ಓಗು.”

ಸಲೋಮಿ ಬೆಚ್ಚಿ ನೋಡಿದಳು.

“ಯಾಕೆ ನಿಂತ್ಕೊಂಡೆ? ಬರೀ ಬಟ್ಟೆ ತಾನೇ? ಒರೆಸು!”

ಅಜ್ಜಿ ಅಷ್ಟು ಜೋರಾಗಿ ಮಾತಾಡಿದ್ದನ್ನು ಸಲೋಮಿ ಎಂದೂ ಕೇಳಿರಲಿಲ್ಲ. ಅವಳು ಕೋಟನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕುಳಿತು ಅಳತೊಡಗಿದಳು. ಅಜ್ಜಿ ಸಮಾಧಾನ ಮಾಡಲಿಲ್ಲ. ಮೊರವನ್ನೂ ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಸಲೋಮಿ ಶಾಲೆಗೆ ಹೋಗುವಾಗ ಕ್ವಾರಿ ಲಾರಿ ಎದುರಿಗೆ ಬಂತು. ಹಿಂದೆ ಹೆಂಗಸರ ನಡುವೆ ನಿಂಗವ್ವ ಕುಳಿತಿದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಸಲೋಮಿ ಕೈ ಎತ್ತಿದಳು. ನಿಂಗವ್ವ ಮುಖ ತಿರುಗಿಸಿದಳು.

ಅಂದು ಲೆಕ್ಕದ ಪೀರಿಯಡ್ಡಿನಲ್ಲಿ ಸಲೋಮಿ ಪೆನ್ಸಿಲನ್ನು ಎಷ್ಟು ಒತ್ತಿ ಬರೆದಳೆಂದರೆ ಹಾಳೆ ತೂತಾಯಿತು. ದಾನಿಯೇಲಪ್ಪ ತಾತನ ಮೇಲೆ ಸಿಟ್ಟು, ಹೆಡ್‌ಮಾಸ್ಟರ ಮೇಲೆ ಸಿಟ್ಟು, ಈರವ್ವತ್ತೆಯ ಮೇಲೆ ಸಿಟ್ಟು. ಎಲ್ಲದರ ಕೆಳಗೆ ಇನ್ನೊಂದು ಸಿಟ್ಟಿತ್ತು. ಅದು ಯಾರ ಮೇಲೆಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು.

ಬುಧವಾರ ಸಂಜೆ ಚರ್ಚಿನ ಕಮಿಟಿ ಸೇರುವುದಿತ್ತು. ಅಜ್ಜಿ ಬಿಳಿ ಸೀರೆ ಉಟ್ಟು, “ನಡಿ,” ಎಂದಳು.

“ಎಲ್ಲಿಗೆ?”

“ಕಮಿಟಿಗೆ. ನೀನು ಮಾಡಿದ್ದನ್ನ ನೀನೇ ಬಾಯಿಬಿಟ್ಟು ಏಳು.”

ಕೋಣೆಯಲ್ಲಿ ದಾನಿಯೇಲಪ್ಪನವರ ಜೊತೆ ಇನ್ನು ಮೂವರು ಹಿರಿಯರಿದ್ದರು. ಒಂದು ತುದಿಯಲ್ಲಿ ಸಭಾಪಾಲಕರು, ಚರ್ಚಿನ ಪಾದ್ರಿ. ಅವರನ್ನು ಎಲ್ಲರೂ ಅಯ್ಯನವರು ಎಂದು ಕರೆಯುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು. ಬಂದು ಒಂದು ವರ್ಷವಾಗಿತ್ತು. ಹಿರಿಯರೆದುರು ಮೆಲ್ಲಗೆ ಮಾತಾಡುವವರು.

ಒಂದು ಕುರ್ಚಿ ಖಾಲಿಯಿತ್ತು, ತಾತನದು. ಅಜ್ಜಿ ಯಾರನ್ನೂ ಕೇಳದೆ ಹೋಗಿ ಅದರಲ್ಲಿ ಕುಳಿತಳು. ಹೆಂಗಸರು ಆ ಕೋಣೆಯಲ್ಲಿ ಕುಳಿತದ್ದೇ ಇಲ್ಲ. ಆದರೂ ಯಾರೂ ಏಳಿ ಎನ್ನಲಿಲ್ಲ.

ಸಲೋಮಿ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ದಾರದ ವಿಷಯ ಬಂದಾಗ ಬೇಗ ಬೇಗ ಮುಗಿಸಿದಳು.

“ನೋಡಿದ್ರಾ? ಚರ್ಚಿನೊಳಗೆ ಸುಳ್ಳು!” ಎಂದರು ದಾನಿಯೇಲಪ್ಪನವರು.

“ಸುಳ್ಳೇ,” ಎಂದಳು ಅಜ್ಜಿ. “ಅದಕ್ಕೆ ನನ್ನ ಮೊಮ್ಮಗಳಿಗೆ ನಾನು ಬೈದಿದ್ದೀನಿ. ಈಗ ನಾನು ಕೇಳಿದ್ದಕ್ಕೆ ನೀನು ಉತ್ತರ ಏಳು ದಾನಿಯೇಲಪ್ಪ. ದೇವರ ಮನೇಗೆ ಬಂದ ಮಗು ತನ್ನ ಹೆಸರು ಏಳಕ್ಕೆ ಯಾಕೆ ಎದರ್ತು? ನಿಂಗವ್ವ ಅಂದಿದ್ರೆ ಪತ್ರ ಕೊಡ್ತಿದ್ಯಾ?”

“ಅದು ಹೇಗೆ ಆಗುತ್ತೆ ಅಕ್ಕ? ಸಭೆಯವರಿಗೆ ಮಾತ್ರ ಅಂತ ರೂಲ್ ಇದೆ. ಹೋದ ವರ್ಷ ಯಾವನಿಗೋ ಕನಿಕರಪಟ್ಟು ಬರೆದುಕೊಟ್ಟೆ. ಅವನು ಆ ಪತ್ರ ತೋರಿಸಿ ಸಾಲ ತಗೊಂಡು ಪರಾರಿ. ಸಾಲದ ಆಫೀಸಿನವರು ನಾಲ್ಕು ಜನರೆದುರು ನನ್ನ ಮಾನ ತೆಗೆದ್ರು.”

“ಚರ್ಚಿನ ಮೆಟ್ಟಿಲು ಕಿತ್ತೋಗಿ ನೀನು ಜಾರಿ ಬಿದ್ಯಲ್ಲ, ಆಮೇಲೆ ಕಲ್ಲು ತಂದು ಕೂರಿಸಿದ್ದು ಯಾರು?”

ದಾನಿಯೇಲಪ್ಪನವರು ಮೊಣಕಾಲು ಸವರಿಕೊಂಡರು.

“ಪಂಚಪ್ಪ,” ಎಂದಳು ಅಜ್ಜಿ. “ಕೂಲಿ ಬೇಡ, ದೇವರ ಕೆಲಸ ಅಂದ. ಅವತ್ತು ಅವನಿಗೆ ಅತ್ತು ಆಜ್ಞೆ ಕೇಳಿದ್ರಾ?”

ಆಗ ಇನ್ನೊಬ್ಬ ಹಿರಿಯರು ಕೆಮ್ಮಿ, “ಒಂದು ಕೆಲಸ ಮಾಡೋಣ. ಅವರು ದೀಕ್ಷಾಸ್ನಾನ ತಗೊಳ್ಳಲಿ. ಆಮೇಲೆ ಪತ್ರಕ್ಕೇನು ಅಡ್ಡಿ?” ಎಂದರು.

ಅಯ್ಯನವರು ಮೇಜಿನ ಮೇಲೆ ಅಂಗೈಯಿಂದ ಹೊಡೆದರು. ಶಾಯಿ ಬಾಟಲಿ ಅಲುಗಾಡಿತು.

“ದೀಕ್ಷೆ ತಗೊಂಡ್ರೆ ಮಾತ್ರ ಪತ್ರ ಕೊಡೋದಾದ್ರೆ ಅದು ಅಂಗಡಿ! ನಾನು ಅಂಗಡಿ ನಡೆಸೋಕೆ ಬಂದಿಲ್ಲ. ಆ ಮಗು ಮೊನ್ನೆಯಿಂದ ಕಲ್ಲು ಹೊರ್ತಾ ಇದೆ. ನಾವಿಲ್ಲಿ ರೂಲ್ ಮಾತಾಡ್ತಾ ಇದ್ದೀವಿ.”

ಅವರು ಹಾಳೆ ಎಳೆದುಕೊಂಡು ಬರೆದು, ಗಟ್ಟಿಯಾಗಿ ಓದಿದರು: “ಪಂಚಪ್ಪ, ಈರವ್ವ ಮತ್ತು ಇವರ ಮಗಳು ನಿಂಗವ್ವ ಎಂಟು ತಿಂಗಳಿಂದ ನಮ್ಮ ಚರ್ಚಿನ ಗೋಡೆಯ ಪಕ್ಕದಲ್ಲಿ ವಾಸವಾಗಿದ್ದಾರೆ. ಇವರನ್ನು ನಾವು ಬಲ್ಲೆವು.”

“ಬಲ್ಲೆವು ಅಂತ ಬರೀತೀರಿ. ಆ ಹುಡುಗಿಯ ಅಪ್ಪನ ಹೆಸರು ನನಗೆ ಗೊತ್ತಾಗಿದ್ದೇ ಮೊನ್ನೆ ಭಾನುವಾರ,” ಎಂದು ದಾನಿಯೇಲಪ್ಪನವರು ಗೊಣಗಿದರು.

“ಅದಕ್ಕೆ ಯಾರು ನಾಚ್ಕೊಬೇಕು?” ಎಂದಳು ಅಜ್ಜಿ.

ದಾನಿಯೇಲಪ್ಪನವರು ಕೆಂಪಗಾದರು. ಉಡಿದಾರದಿಂದ ಬೀಗದ ಕೈ ತೆಗೆದರು. ಪೆಟ್ಟಿಗೆ ತೆರೆದರು. ಸೀಲನ್ನು ಇಂಕಿಗೆ ಅದ್ದಿ ಹಾಳೆಯ ಮೇಲೆ ಗುದ್ದಿದ ಗುದ್ದಿಗೆ ಮೇಜಿನ ಕಾಲು ಕಿರುಗುಟ್ಟಿತು.

ಗುರುವಾರ ಸಂಜೆ ಲಾರಿ ಬಂದ ಮೇಲೆ ಅಯ್ಯನವರು ಮತ್ತು ಅಜ್ಜಿ ಗುಡಿಸಲಿಗೆ ಹೋದರು. ಸಲೋಮಿ ಅಜ್ಜಿಯ ಸೆರಗಿನ ಹಿಂದೆ ನಿಂತಳು. ನಿಂಗವ್ವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅಯ್ಯನವರು ಹೊರಗೇ ನಿಂತು ಪತ್ರ ಓದಿದರು. ಈರವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಇದಕ್ಕ ನಾವೇನು ಮಾಡಬೇಕ್ರಿ?”

“ಏನೂ ಇಲ್ಲಮ್ಮ.”

“ನಿಮ್ಮ ಗುಡಿಗೆ ಬರಬೇಕೇನ್ರಿ?”

“ಬರಲೇಬೇಕು ಅಂತಿಲ್ಲ.”

“ಹಂಗಾದ್ರ ಯಾಕ ಕೊಡ್ತೀರಿ?”

ಅಯ್ಯನವರು ಪತ್ರವನ್ನು ಮಡಚಿದರು. “ನೀವು ಕೇಳೋಕೆ ಮೊದಲೇ ಕೊಡಬೇಕಾಗಿತ್ತು. ತಡ ಮಾಡಿದ್ವಿ. ತಪ್ಪಾಯ್ತು.”

ಈರವ್ವ ಗಂಡನ ಮುಖ ನೋಡಿದಳು. ಪಂಚಪ್ಪ ಎರಡೂ ಕೈ ಚಾಚಿ ಪತ್ರ ತೆಗೆದುಕೊಂಡ. ಈರವ್ವ ಮಾತ್ರ ನಗಲಿಲ್ಲ.

ಶುಕ್ರವಾರ ಹೆಡ್‌ಮಾಸ್ಟರ ಕೋಣೆಯ ಮುಂದೆ ಪಂಚಪ್ಪ, ನಿಂಗವ್ವ ಮತ್ತು ಅಯ್ಯನವರು ಬೆಂಚಿನ ಮೇಲೆ ಕುಳಿತಿದ್ದರು. ನೀರು ಕುಡಿಯುವ ನೆಪ ಹೇಳಿ ಹೊರಬಂದ ಸಲೋಮಿ ಕಂಬದ ಹಿಂದೆ ನಿಂತಳು.

“ಐದನೇ ಕ್ಲಾಸಲ್ಲಿ ಜಾಗ ಇಲ್ಲ ಸ್ವಾಮಿ. ಮುಂದಿನ ವರ್ಷ ನೋಡೋಣ,” ಎಂದರು ನರಸಿಂಹಯ್ಯನವರು.

“ಮೂವತ್ತರೊಳಗೆ ಪತ್ರ ತನ್ನಿ ಅಂದಿದ್ರಿ. ತಂದಿದ್ದೀವಿ. ಸೇರಿಸಿಕೊಳ್ಳೋವರೆಗೂ ಇಲ್ಲೇ ಕೂತಿರ್ತೀವಿ,” ಎಂದರು ಅಯ್ಯನವರು.

“ಕೂತ್ಕೊಳ್ಳಿ. ಬೆಂಚಿಗೇನು ಬಾಡಿಗೆ ಇಲ್ಲ.”

ಹತ್ತೂವರೆಯ ಬೆಲ್ಲು ಹೊಡೆಯಿತು. ಆಗ ಗೇಟಿನಿಂದ ಛತ್ರಿ ಊರಿಕೊಂಡು ದಾನಿಯೇಲಪ್ಪನವರು ಬಂದರು! ಬೆಂಚಿನಲ್ಲಿ ಕುಳಿತವರನ್ನು ನೋಡಿ ಒಳಗೆ ಹೋದರು. ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಬಿದ್ದಿದ್ದ ಪತ್ರವನ್ನು ನೋಡಿದರು.

“ಇದೇನ್ರೀ ಮೇಷ್ಟ್ರೇ, ಇನ್ನೂ ಹೆಸರು ಬರೆದಿಲ್ವಾ?”

“ಜಾಗ ಇಲ್ಲ ದಾನಿಯೇಲಪ್ಪನೋರೆ.”

“ಆ ಸೀಲು ನೋಡಿದ್ರಾ? ಅದನ್ನ ಒತ್ತೋಕೆ ನಾನು ಜನಕ್ಕೆ ಎಷ್ಟು ಕಾಟ ಕೊಡ್ತೀನಿ ಅಂತ ಈ ಊರಿಗೆಲ್ಲ ಗೊತ್ತು! ಸುಮ್‌ಸುಮ್ನೆ ಒತ್ತೋ ಪೈಕಿ ಅಲ್ಲ ನಾನು. ಬಲ್ಲೆವು ಅಂತ ಬರೆದಿದೆ. ನಾನು ಬಲ್ಲೆ. ಈಕೆ ಪಂಚಪ್ಪನ ಮಗಳು ನಿಂಗವ್ವ. ಇವಳ ನೆನಪಿನ ಶಕ್ತಿಯನ್ನ ನಾನೇ ಪರೀಕ್ಷೆ ಮಾಡಿದ್ದೀನಿ. ನಿಮ್ಮ ಸ್ಕೂಲಿನ ಒಂದು ಮಗುಗೂ ಅಷ್ಟಿಲ್ಲ. ಬರೀರಿ ಹೆಸರು!”

ಛತ್ರಿಯ ತುದಿ ನೆಲಕ್ಕೆ ಟಕ್ಕೆಂದು ಬಡಿಯಿತು. ನರಸಿಂಹಯ್ಯನವರು ಅವರನ್ನು, ಅಯ್ಯನವರನ್ನು, ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳನ್ನು ನೋಡಿದರು. ಆಮೇಲೆ ರಿಜಿಸ್ಟರ್ ತೆರೆದರು.

ಆ ದಿನವೇ ನಿಂಗವ್ವ ಐದನೇ ಕ್ಲಾಸಿಗೆ ಬಂದಳು. ಸಲೋಮಿ ಸರಿದು ಜಾಗ ಮಾಡಿದಳು. ನಿಂಗವ್ವ ಮುಂದೆ ಹೋಗಿ ಬೇರೆ ಹುಡುಗಿಯ ಪಕ್ಕದಲ್ಲಿ ಕುಳಿತಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸಲೋಮಿ ಒಬ್ಬಳೇ ಗುಡಿಸಲಿನ ಹತ್ತಿರ ಹೋದಳು. ಅಜ್ಜಿ ಹೋಗೆಂದಿರಲಿಲ್ಲ. ಅಂದು ಕ್ವಾರಿಗೆ ರಜೆ. ಈರವ್ವ ಬಾಗಿಲಲ್ಲಿ ಕುಳಿತು ಸುತ್ತಿಗೆಗೆ ಹೊಸ ಹಿಡಿ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ. ಕೂತ್ಕೋ ಎನ್ನಲಿಲ್ಲ. ಒಳಗೆ ನಿಂಗವ್ವ ಕಾಪಿ ಬರೆಯುತ್ತಿದ್ದಳು.

“ಅತ್ತೆ, ನಾನು ದಾರ ಕತ್ತರಿಸಬಾರದಾಗಿತ್ತು.”

ಈರವ್ವ ಹಿಡಿಯನ್ನು ಕಲ್ಲಿಗೆ ಕುಟ್ಟಿದಳು.

“ಅವಳು ಕೈ ಹಿಂದಕ್ಕೆ ಎಳ್ಕೊಂಡ್ಲು. ನಾನೇ ಬಿಡಲಿಲ್ಲ,” ಎಂದಳು ಸಲೋಮಿ. ಇದನ್ನು ಅವಳು ಕಮಿಟಿಯಲ್ಲೂ ಹೇಳಿರಲಿಲ್ಲ.

ಈರವ್ವ ಈಗ ತಲೆಯೆತ್ತಿದಳು. “ನಿಮ್ಮಜ್ಜಿ ಮಾಡಿದ್ದು ಛಲೋ ಆತು. ಅಯ್ಯಾರು ಬಂದದ್ದೂ ಛಲೋ ಆತು. ನನ್ನ ಮಗಳು ಸಾಲಿ ಕಲಿತಾಳ. ಅದು ಬ್ಯಾರೆ. ನಿನ್ನ ಮ್ಯಾಲಿನ ಸಿಟ್ಟು ಬ್ಯಾರೆ. ಅದು ಇನ್ನೂ ಐತಿ.”

ಸಲೋಮಿ ಮನೆಯಿಂದ ಹೊರಟಾಗ ಈರವ್ವ ಪರವಾಗಿಲ್ಲ ಬಿಡು ಎನ್ನುತ್ತಾಳೆ, ಬಹುಶಃ ತಲೆ ಸವರುತ್ತಾಳೆ ಎಂದುಕೊಂಡಿದ್ದಳು. ಇಷ್ಟೆಲ್ಲ ಸರಿಹೋದ ಮೇಲೆ ಇನ್ನೇನು ಎಂದುಕೊಂಡಿದ್ದಳು. ಆದರೂ ಈ ಸಲ ಓಡಿಹೋಗಲಿಲ್ಲ. ಪರವಾಗಿಲ್ಲ ಎನ್ನುವ ಮಾತು ಈರವ್ವನದು. ಅಯ್ಯನವರಾಗಲಿ ಅಜ್ಜಿಯಾಗಲಿ ಅದನ್ನು ಅವಳಿಗೆ ಕೊಡಿಸಲಾರರು.

“ಇನ್ನೂ ಎಷ್ಟು ದಿನ ಇರುತ್ತೆ ಅತ್ತೆ?”

ಒಳಗಿನಿಂದ ನಿಂಗವ್ವ ಕಿಸಕ್ಕೆಂದಳು. ಈರವ್ವ ಅತ್ತ ಕಣ್ಣು ಬಿಟ್ಟಳು. ನಗು ನಿಂತಿತು.

“ನನಗೇನು ಗೊತ್ತು? ಹ್ವಾದ ದಿನ ಹೇಳ್ತೀನಿ.”

“ಸರಿ. ಹಾಗಾದ್ರೆ ನಾಳೆ ಬಂದು ಕೇಳ್ತೀನಿ,” ಎಂದಳು ಸಲೋಮಿ.

ಈರವ್ವ ಸುತ್ತಿಗೆಯನ್ನು ತಿರುಗಿಸಿ ಇನ್ನೊಂದು ಪೆಟ್ಟು ಕೊಟ್ಟಳು. ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.